ಒಕ್ಕಲುಮನೆಯ ಹುಳಿ ಏಲಿನ ರಸಾಸ್ವಾದ

ಬೆಲ್ಜಿಯಂ ದೇಶದ ದಕ್ಷಿಣಭಾಗದಲ್ಲಿ, ಫ್ರಾನ್ಸಿನ ಗಡಿಯನ್ನು ತಾಗಿಕೊಂಡು, ಎನೋ ಎಂಬ ಪ್ರಾಂತವೊಂದುಂಟು. ಅಲ್ಲಿಯ ಜನರ ಮಾತು ಫ್ರೆಂಚ್. ಭೂಮಿ ಗೋಧಿಗೂ ಬಾರ್ಲಿಗೂ ಒಗ್ಗಿದ ಬಯಲು. ಇಟ್ಟಿಗೆಯ ಕಟ್ಟಡಗಳು ನಾಲ್ಕು ಕಡೆಯಿಂದಲೂ ಸುತ್ತುವರಿದು ನಡುವೆ ವಿಶಾಲವಾದ ಅಂಗಳವನ್ನು ಉಳಿಸಿಕೊಂಡ ಒಕ್ಕಲುಮನೆಗಳು ಇಂದಿಗೂ ಆ ಬಯಲಿನಲ್ಲಿ ಅಲ್ಲಲ್ಲಿ ಕಾಣಬರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂತಹ ಅನೇಕ ಮನೆಗಳಲ್ಲಿ, ಹೊಲದ ಕೆಲಸ ನಿಂತು ಆಳುಕಾಳುಗಳಿಗೆ ಬಿಡುವಾಗಿರುವ ಚಳಿಗಾಲದ ತಿಂಗಳುಗಳಲ್ಲಿ, ಸ್ವಂತ ಬೆಳೆಯ ಧಾನ್ಯವನ್ನೇ ಮೊಳೆಯಿಸಿ, ಒಣಗಿಸಿ, ನುಚ್ಚುಮಾಡಿ, ಬಿಸಿನೀರಿನಲ್ಲಿ ನೆನೆಯಿಸಿ ತೆಗೆದ ಸಿಹಿರಸವನ್ನು ಹಾಪ್ ಎಂಬ ಬಳ್ಳಿಯ ಹೂಗಳೊಡನೆ ಕುದಿಸಿ, ಹುದುಗಿಸಿ, ಮರದ ಪೀಪಾಯಿಗಳಲ್ಲಿ ತುಂಬಿಟ್ಟು, ಮುಂಬರುವ ಬೇಸಗೆಯ ಕೊಯ್ಲಿನ ದಿನಗಳಲ್ಲಿ ಬಿಸಿಲಿಗೆ ಬಾಯಾರಿದ ಕೆಲಸಗಾರರಿಗೆ ಅದನ್ನು ಕುಡಿಯಲು ಕೊಡುವ ವಾಡಿಕೆಯಿತ್ತು. ಸೇಸೋನ್ ಎಂದು ಇಂದು ಬಿಯರ್ ರಸಿಕರು ಆದರದಿಂದ ಹೆಸರಿಸುವ, ಏಲ್ ಎಂಬ ಬಗೆಯ ಬಿಯರಿನ ಮೂಲ ಇದು. ಅದೇ ಕುಲಕ್ಕೆ ಸೇರಿದ ಹುಳಿ ಏಲನ್ನು ಇಂದು ಬರ್ಬನ್, ರಮ್, ಕೊನ್ಯಾಕ್ ಮೊದಲಾದ ಬಟ್ಟಿಯಿಳಿಸಿದ ಮದ್ಯಗಳು ಮಾಗಿ ಹೋದ ಪೀಪಾಯಿಗಳಲ್ಲಿ ತುಂಬಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಟ್ಟು ಹೊರತೆಗೆಯುವ ಕುಶಲಿಗಳು ಬೆಲ್ಜಿಯಂ ಮತ್ತು ಅಮೆರಿಕ ದೇಶಗಳಲ್ಲಿದ್ದಾರೆ. ಆ ಪಾನೀಯದ ರುಚಿಯನ್ನು ಗ್ರಹಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಏಲ್ ಕಾಯಿಸಲು ಚಳಿಗಾಲವನ್ನು ಆರಿಸಿಕೊಂಡುದಕ್ಕೆ ಬಿಡುವೊಂದೇ ಕಾರಣವಾಗಿರಲಿಲ್ಲ. ಶೈತ್ಯಯಂತ್ರಗಳಿಲ್ಲದ ಆ ಕಾಲದಲ್ಲಿ ಬೇಸಗೆಯ ಗಾಳಿಯಲ್ಲಿ ತೇಲುವ ಅಸಂಖ್ಯ ಸೂಕ್ಷ್ಮಜೀವಿಗಳು ಸಿಹಿರಸವನ್ನು ಹೊಕ್ಕು ಕೆಡಿಸಿಬಿಡುತ್ತಿದ್ದುವು. ಚಳಿಯಲ್ಲಿ ಅವುಗಳ ಹಾವಳಿ ಕಡಮೆ. ಹಾಗಿದ್ದರೂ ಪೀಪಾಯಿಯ ಮರದ ರಂಧ್ರಗಳಲ್ಲಿ ಹಿಂದಿನ ವರ್ಷಗಳಿಂದ ನೆಲೆಸಿದ ಜೀವಿಗಳನ್ನು ಎಷ್ಟು ತೊಳೆದರೂ ಪೂರ್ತಿಯಾಗಿ ನೀಗುವುದು ಸಾಧ್ಯವಿರಲಿಲ್ಲ. ಹಾಪಿನ ಕಹಿಗೆ ಹುಳಿಕಾರಕ ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿಯುಂಟು. ಆ ಕಹಿ ಹೊಸದಾಗಿರುವಷ್ಟು ಕಾಲ ಏಲ್ ಕಹಿಯಾಗಿಯೇ ಉಳಿದು, ತಿಂಗಳುಗಳು ಕಳೆದಂತೆ ಕಹಿ ಮೆತ್ತಗಾಗುತ್ತ, ಹುಳಿಯು ಮೆಲ್ಲಮೆಲ್ಲನೆ ತಲೆದೋರುತ್ತಿತ್ತೆಂದು ತಿಳಿಯಬಹುದು. ದಾಹವನ್ನು ತಣಿಸುವುದರಲ್ಲಿ ಹಿತಮಿತವಾದ ಹುಳಿಗೆ ಸಮನಾದುದು ಬೇರೊಂದಿಲ್ಲವಾದುದರಿಂದ ಆ ಕೆಲಸಗಾರರು ಅದನ್ನು ದೋಷವೆಂದು ಎಣಿಸಿರಲಾರರು.

ಆದರೆ ಇಂದು ಸೇಸೋನ್ ಎಂಬ ಹೆಸರಿನಲ್ಲಿ ಅತ್ಯಂತ ಪ್ರಸಿದ್ಧವಾಗಿರುವ ಏಲ್ ಹುಳಿಯಾದುದಲ್ಲ. ಎನೋ ಪ್ರಾಂತದ ತೂರ್ಪ್ ಎಂಬ ಹಳ್ಳಿಯಲ್ಲಿರುವ, ೧೯೨೦ರಲ್ಲಿ ದ್ಯುಪೋಂ ಮನೆತನದ ಕೈಸೇರಿದ ಏಲ್‌ಮನೆಯ ಸೇಸೋನ್, ಶೇಕಡಾ ೬.೫ ಮದ್ಯಸಾರವುಳ್ಳದ್ದು, ಸಾಮಾನ್ಯ ಬಿಯರಿನ ಯೀಸ್ಟುಗಳು ಸಹಿಸಲಾರದ, ೩೦ ಡಿಗ್ರಿಗೂ ಮೀರಿದ ಉಷ್ಣತೆಯಲ್ಲಿ ಹುದುಗುವುದರಿಂದ ಮೆಣಸಿನ ಕಟುತ್ವವನ್ನೂ ಹಣ್ಣಿನ ಕಂಪನ್ನೂ ಪಡೆದು, ಸಿಹಿಯ ಲೇಶವೂ ಉಳಿಯದಂತೆ ಒಣಗಿದ ಮುಕ್ತಾಯವನ್ನು ನಾಲಗೆಗೆ ನೀಡುವಂತಹುದು. ಹಳೆಯ ಹುಳಿ ಹಿಂದೆ ಸರಿದುದಕ್ಕೆ ವಿಜ್ಞಾನದ ಮುನ್ನಡೆಯೇ ಮುಖ್ಯ ಕಾರಣ. ಫ್ರಾನ್ಸಿನ ವಿಜ್ಞಾನಿ ಪಾಶ್ಚರನು ೧೮೭೬ರಲ್ಲಿ ಬಿಯರನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿ, ಬಿಯರಿನ ಕೇಡಿಗೆ ಸೂಕ್ಷ್ಮಜೀವಿಗಳು ಹೇಗೆ ಕಾರಣವೆಂಬುದನ್ನು ವಿಶದಪಡಿಸಿದನು. ೧೮೮೩ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಬಳಕೆಗೆ ತಂದನು. ಅಂದಿನಿಂದ ಒಂದೇ ಜೀವಿ, ಒಂದೇ ರುಚಿ, ವರ್ಷವೆಲ್ಲ ಬದಲಾಗದ ಗುಣ ಎಂಬುದು ಜಗತ್ತಿನ ಬಹುಪಾಲು ಬಿಯರಿನ ಆದರ್ಶವಾಯಿತು. ಅದರಿಂದ ಲೋಕಕ್ಕಾದ ಉಪಕಾರ ಅಲ್ಪವಲ್ಲ. ಆದರೆ ೧೯೦೪ರಲ್ಲಿ ಅದೇ ಕಾರ್ಲ್ಸ್‌ಬರ್ಗಿನ ಮತ್ತೊಬ್ಬ ವಿಜ್ಞಾನಿ, ಕ್ಲಾಸೆನ್ ಎಂಬಾತನು, ಬಹುಕಾಲ ಮಾಗಿಸಿದ ಇಂಗ್ಲಿಷ್ ಬಿಯರುಗಳ ವಿಶಿಷ್ಟ ಪರಿಮಳಕ್ಕೆ ಬ್ರೆಟನೊಮೈಸಿಸ್ ಎಂಬ ಬೇರೊಂದು ಯೀಸ್ಟ್ ಅವಶ್ಯವೆಂದು ತೋರಿಸಿಕೊಟ್ಟುದು, ಶುದ್ಧತೆಯ ಮಾರ್ಗದಲ್ಲಿ ಏನೋ ಒಂದು ಅಮೂಲ್ಯವಾದುದು ಬಿಟ್ಟುಹೋಗುತ್ತಿದೆಯೆಂಬುದರ ಮೊದಲ ಶಾಸ್ತ್ರೀಯ ಸಾಕ್ಷಿಯೆಂದು ನಾನು ಭಾವಿಸುತ್ತೇನೆ.

ಹುಳಿ ಏಲನ್ನು ಹುಳಿಯಾಗಿಸುವವು ಮುಖ್ಯವಾಗಿ ಲ್ಯಾಕ್ಟೊಬ್ಯಾಸಿಲಸ್, ಪೀಡಿಯೊಕಾಕಸ್ ಎಂಬ ಎರಡು ಬಗೆಯ ಬ್ಯಾಕ್ಟೀರಿಯಾಗಳು. ಇವುಗಳ ಕಾರ್ಯ ಕನ್ನಡಿಗರಿಗೆ ಅಪರಿಚಿತವಲ್ಲ. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುವುದು ಇವುಗಳ ಬಂಧುಗಳಿಂದಲೇ. ಆದರೆ ಏಲಿನಲ್ಲಿ ಈ ಕ್ರಿಯೆ ಒಂದು ರಾತ್ರಿಯದಲ್ಲ. ಬ್ರಸೆಲ್ಸ್ ನಗರದ ಆಂಡರ್ಲೆಕ್ಟ್ ಭಾಗದಲ್ಲಿ ೧೯೦೦ರಲ್ಲಿ ಸ್ಥಾಪಿತವಾದ ಕಾಂತಿಯೋಂ ಎಂಬ ಏಲ್‌ಮನೆಯಲ್ಲಿ ಇಂದಿಗೂ ನಡೆಯುವ ಲ್ಯಾಂಬಿಕ್ ಎಂಬ ಸೋದರ ಪಾನೀಯದ ತಯಾರಿಕೆಯನ್ನು ನೋಡಿದರೆ ಆ ಕಾಲಕ್ರಮ ಸ್ಪಷ್ಟವಾಗುತ್ತದೆ. ಕುದಿಸಿದ ರಸವನ್ನು ಅಟ್ಟದ ಮೇಲಿನ ಅಗಲವಾದ, ಆಳವಿಲ್ಲದ ಲೋಹದ ತೊಟ್ಟಿಯಲ್ಲಿ ಹರಡಿ, ಚಳಿಗಾಲದ ಒಂದು ರಾತ್ರಿಯೆಲ್ಲ ಗಾಳಿಗೆ ತೆರೆದಿಟ್ಟು, ಮರುದಿನ ಪೀಪಾಯಿಗಳಿಗೆ ತುಂಬುವರು; ಹೊರಗಿನಿಂದ ಯೀಸ್ಟನ್ನು ಹಾಕುವುದೇ ಇಲ್ಲ. ಮೊದಲ ವಾರಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಬಳಗ, ಅನಂತರ ಸಾಮಾನ್ಯ ಯೀಸ್ಟ್, ಮೂರು ನಾಲ್ಕು ತಿಂಗಳುಗಳ ಮೇಲೆ ಪೀಡಿಯೊಕಾಕಸ್, ಕಟ್ಟಕಡೆಗೆ ಬ್ರೆಟನೊಮೈಸಿಸ್ ಹೀಗೆ ಒಂದರ ಹಿಂದೊಂದು ಬರುತ್ತವೆ. ಪೀಡಿಯೊಕಾಕಸ್ ಬಲವಾಗಿರುವ ದಿನಗಳಲ್ಲಿ ಏಲ್ ಲೋಳೆಗಟ್ಟಿ, ಸುರಿದರೆ ಎಣ್ಣೆಯಂತೆ ನೂಲುನೂಲಾಗಿ ಇಳಿಯುವುದುಂಟು. ಬೆಣ್ಣೆಯ ಜಿಡ್ಡು ವಾಸನೆಯೂ ಸೇರಿಕೊಳ್ಳಬಹುದು. ಅದನ್ನು ಕಂಡು ಚೆಲ್ಲದೆ ಕಾದವನಿಗೆ ಬ್ರೆಟನೊಮೈಸಿಸ್ ನೆರವಾಗುತ್ತದೆ: ಅದು ಆ ಲೋಳೆಯನ್ನೂ ಜಿಡ್ಡನ್ನೂ ಕರಗಿಸಿ ಜೀರ್ಣಿಸಿಕೊಂಡು, ಸಾಮಾನ್ಯ ಯೀಸ್ಟ್ ಮುಟ್ಟಲಾರದ ಉಳಿದ ಸಕ್ಕರೆಗಳನ್ನೂ ತಿಂದು, ಒಣಹುಲ್ಲು, ಲಾಯ, ತೊಗಲು, ಅನಾನಸು ಇವುಗಳನ್ನು ನೆನಪಿಸುವ ಗಂಧಗಳನ್ನು ಬಿಟ್ಟುಹೋಗುತ್ತದೆ. ಲಾಯದ ವಾಸನೆಯೆಂದೊಡನೆ ಮೂಗು ಮುರಿಯುವವರು ಇದ್ದಾರು. ಒಳ್ಳೆಯ ಏಲಿನಲ್ಲಿ ಅದು ಹಸನಾದ ಹೊಲಮನೆಯ ಬೆಳಗಿನ ಗಾಳಿಯಷ್ಟೇ ಸಹಜವಾಗಿ ಹಣ್ಣಿನ ಕಂಪಿನೊಳಗೆ ಬೆರೆತಿರುತ್ತದೆಂಬುದನ್ನು ಮಾತ್ರ ಹೇಳಬಲ್ಲೆ.

ಈ ಹಳೆಯ ವಿಧಾನಕ್ಕೆ ಹೊಸ ಜೀವ ಬಂದುದು ಅಮೆರಿಕದಲ್ಲಿ. ಮಿಷಿಗನ್ ರಾಜ್ಯದ ಡೆಕ್ಸ್‌ಟರ್ ಎಂಬ ಸಣ್ಣ ಊರಿನಲ್ಲಿ ರಾನ್ ಜೆಫ್ರೀಸ್ ೨೦೦೪ರಲ್ಲಿ ಜಾಲಿ ಪಂಪ್‌ಕಿನ್ ಎಂಬ ಏಲ್‌ಮನೆಯನ್ನು ತೆರೆದು, ತಾನು ಮಾಡುವ ಏಲೆಲ್ಲವೂ ಓಕ್ ಮರದಲ್ಲಿಯೇ ಮಾಗಬೇಕೆಂಬ ನಿಯಮವನ್ನು ಹಾಕಿಕೊಂಡರು. ೨೦೧೦ರಲ್ಲಿ ವರ್ಮಾಂಟಿನ ಗ್ರೀನ್ಸ್‌ಬರೊ ಗ್ರಾಮದಲ್ಲಿ ಶಾನ್ ಹಿಲ್ ತಮ್ಮ ಪೂರ್ವಿಕರ ಹೊಲದಲ್ಲಿಯೇ ಹಿಲ್ ಫಾರ್ಮ್‌ಸ್ಟೆಡ್ಡನ್ನು ಆರಂಭಿಸಿದರು. ಅದೇ ವರ್ಷ ಟೆಕ್ಸಾಸಿನ ಆಸ್ಟಿನ್ ನಗರದ ಹೊರವಲಯದಲ್ಲಿ ಜೆಸ್ಟರ್ ಕಿಂಗ್ ಹುಟ್ಟಿ, ಸುತ್ತಣ ಗಾಳಿಯಿಂದಲೂ ಗಿಡಗಳಿಂದಲೂ ಸಂಗ್ರಹಿಸಿದ ಯೀಸ್ಟುಗಳಿಂದ ಏಲ್ ಹುದುಗಿಸತೊಡಗಿತು. ಇವರಲ್ಲಿ ಬಹುಮಂದಿ ಮೊದಲಿಗೆ ಒಲಿದುದು ದ್ರಾಕ್ಷಾಮದ್ಯದ ಪೀಪಾಯಿಗಳಿಗೆ. ಬಟ್ಟಿಮದ್ಯದ ಪೀಪಾಯಿ ಬಿಯರಿಗೆ ಬಂದ ದಾರಿಯೇ ಬೇರೆ: ೧೯೯೦ರ ದಶಕದಲ್ಲಿ ಷಿಕಾಗೋ ನಗರದ ಗೂಸ್ ಐಲೆಂಡ್ ಏಲ್‌ಮನೆಯು ಬರ್ಬನ್ ಪೀಪಾಯಿಗಳಲ್ಲಿ ಕಪ್ಪಾದ, ಗಾಢವಾದ, ಸಿಹಿಯಾದ ಸ್ಟೌಟನ್ನು ಮಾಗಿಸಿ ಕೀರ್ತಿ ಪಡೆಯಿತು, ಆ ಪ್ರಯೋಗ ಎಲ್ಲೆಡೆ ಹರಡಿ, ತರುವಾಯ ಕೃಶವೂ ಹುಳಿಯೂ ಆದ ಹೊಲಮನೆಯ ಏಲಿನವರೆಗೆ ಬಂದು ಮುಟ್ಟಿತು. ಹಳೆಯ ಲೋಕದ ಕಾಂತಿಯೋಂ ಕೂಡ ಲ್ಯಾಂಬಿಕನ್ನು ಕೊನ್ಯಾಕಿನ ಪೀಪಾಯಿಗಳಲ್ಲಿ ಮಾಗಿಸಿ, ಬ್ರಸೆಲ್ಸ್ ನಗರದ ಅಕ್ಷಾಂಶ ರೇಖಾಂಶಗಳನ್ನೇ ಅದಕ್ಕೆ ಹೆಸರಾಗಿಟ್ಟಿದೆ.

ಬರ್ಬನ್ ಪೀಪಾಯಿಗಳು ಇಷ್ಟು ಸುಲಭವಾಗಿ ದೊರೆಯುವುದಕ್ಕೆ ಅಮೆರಿಕದ ಶಾಸನವೇ ಕಾರಣ. ಬರ್ಬನ್ನನ್ನು ಒಳಮೈ ಸುಟ್ಟು ಕರಿಗಟ್ಟಿಸಿದ ಹೊಸ ಓಕ್ ಪಾತ್ರೆಯಲ್ಲಿಯೇ ಇಡಬೇಕೆಂದು ಆ ಶಾಸನ ವಿಧಿಸುವುದರಿಂದ, ಒಮ್ಮೆ ಬರಿದಾದ ಪೀಪಾಯಿ ಮತ್ತೆ ಬರ್ಬನ್ನಿಗೆ ಒದಗುವುದಿಲ್ಲ. ಸುಮಾರು ೨೦೦ ಲೀಟರ್ ಹಿಡಿಯುವ ಆ ಪೀಪಾಯಿಗಳು ಸ್ಕಾಟ್ಲೆಂಡಿನ ವಿಸ್ಕಿಗೆ, ಕೆರಿಬಿಯನ್ ದ್ವೀಪಗಳ ರಮ್ಮಿಗೆ, ಮೆಕ್ಸಿಕೋದ ಟಕೀಲಾಕ್ಕೆ, ನಮ್ಮ ಬೆಂಗಳೂರಿನ ಅಮೃತ್ ಸಂಸ್ಥೆಯ ವಿಸ್ಕಿಗೆ ಎರಡನೆಯ ಮನೆಯಾಗುತ್ತವೆ. ಬೆಂಕಿಯಲ್ಲಿ ಸುಡುವಾಗ ಮರದಲ್ಲಿಯ ಲಿಗ್ನಿನ್ ಒಡೆದು ವೆನಿಲ್ಲಾದ ಪರಿಮಳದ್ರವ್ಯ ಬಿಡುಗಡೆಯಾಗುತ್ತದೆ; ಮರದ ಸಕ್ಕರೆಗಳು ಪಾಕದ ಬಣ್ಣಕ್ಕೆ ತಿರುಗುತ್ತವೆ; ಅಮೆರಿಕದ ಬಿಳಿ ಓಕಿನಲ್ಲಿ ವಿಶೇಷವಾಗಿ ಇರುವ ಲ್ಯಾಕ್ಟೋನ್ ಎಂಬ ವಸ್ತು ಕೊಬ್ಬರಿಯ ಕಂಪನ್ನು ಕೊಡುತ್ತದೆ; ಟ್ಯಾನಿನ್ ಒಗರನ್ನು ಸೇರಿಸುತ್ತದೆ. ಪೀಪಾಯಿ ಬರಿದಾದ ಮೇಲೂ ಹಲಗೆಗಳ ಒಳಗೆ ಹಲವು ಲೀಟರುಗಳಷ್ಟು ಮದ್ಯ ಹೀರಿಕೊಂಡಿರುವುದರಿಂದ, ಏಲು ಆ ಮರದೊಳಗೆ ಹೊಕ್ಕು ಅದನ್ನು ಮೆಲ್ಲನೆ ಹೊರಕ್ಕೆಳೆಯುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ದ್ರಾಕ್ಷಾಮದ್ಯದ ಹಳೆಯ ಪೀಪಾಯಿಯಲ್ಲಿ ಸೂಕ್ಷ್ಮಜೀವಿಗಳು ಮೊದಲೇ ಮನೆಮಾಡಿಕೊಂಡಿರುವುದುಂಟು. ಆಗತಾನೆ ಬರಿದಾದ ಬಟ್ಟಿಮದ್ಯದ ಪೀಪಾಯಿಯಾದರೋ ತೀಕ್ಷ್ಣವಾದ ಮದ್ಯಸಾರದಿಂದ ಬಹುಮಟ್ಟಿಗೆ ನಿರ್ಜೀವವಾಗಿರುತ್ತದೆ. ಆದುದರಿಂದ ಹುಳಿ ಏಲನ್ನು ಮಾಡುವವನು ಜೀವಿಗಳನ್ನು ತಾನೇ ತಂದು ಅಲ್ಲಿ ನೆಲೆಗೊಳಿಸಬೇಕು. ಮೊದಲ ತುಂಬಿನಲ್ಲಿ ಮರವು ಮದ್ಯದ ಪರವಾಗಿ ಮಾತನಾಡುತ್ತದೆ. ಎರಡನೆಯ ತುಂಬಿಗೆ ಆ ಸ್ವರ ಇಳಿಯುತ್ತದೆ. ಮೂರನೆಯ ನಾಲ್ಕನೆಯ ತುಂಬಿಗೆ ಬರ್ಬನ್ನಿನ ಗುರುತು ಅಳಿದು, ಬ್ರೆಟನೊಮೈಸಿಸ್ ಹಲಗೆಯ ರಂಧ್ರಗಳಲ್ಲಿ ಬೇರೂರಿ, ಪೀಪಾಯಿ ಏಲಿನದೇ ಆಗಿಬಿಡುತ್ತದೆ. ಯಾವ ತುಂಬಿನ ಏಲು ಬಾಟಲಿಗೆ ಬಂದಿದೆಯೆಂಬುದು ರುಚಿನೋಡುವವನಿಗೆ ಬಹು ಮುಖ್ಯವಾದ ವಿಷಯ. ಪೀಪಾಯಿಯ ಹೆಸರನ್ನು ಚೀಟಿಯ ಮೇಲೆ ದಪ್ಪಕ್ಷರಗಳಲ್ಲಿ ಮುದ್ರಿಸುವವರು ಅದನ್ನೂ ಕಾಣಿಸಿದರೆ ಎಷ್ಟೋ ಉಪಕಾರವಾಗುತ್ತಿತ್ತು.

ಮರದ ಮೂಲಕ ಏಲು ಹೊರಗೆ ಆವಿಯಾಗುತ್ತದೆ, ಹೊರಗಿನ ಆಮ್ಲಜನಕ ಒಳಗೆ ಬರುತ್ತದೆ. ಆವಿಯಾಗಿ ಹೋಗುವ ಭಾಗವನ್ನು ದೇವದೂತರ ಪಾಲೆನ್ನುವ ರೂಢಿ ಪಶ್ಚಿಮದ ಮದ್ಯಗಾರರಲ್ಲಿದೆ. ಸ್ಕಾಟ್ಲೆಂಡಿನ ತಂಪಿನಲ್ಲಿ ವಿಸ್ಕಿಯ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ ೨ರಷ್ಟು ಆವಿಯಾದರೆ ಬೆಂಗಳೂರಿನ ಹವೆಯಲ್ಲಿ ಶೇಕಡಾ ೧೦ಕ್ಕೂ ಹೆಚ್ಚು ಆವಿಯಾಗುವುದೆಂಬುದು ಅಮೃತ್ ಸಂಸ್ಥೆಯ ಅನುಭವ. ವಿಸ್ಕಿಗೆ ಈ ನಷ್ಟ ಹಣದ ನಷ್ಟ ಮಾತ್ರ. ಶೇಕಡಾ ಆರೇಳು ಮದ್ಯಸಾರವುಳ್ಳ ಏಲಿಗಾದರೋ ಪ್ರಾಣಾಪಾಯ. ಏಕೆಂದರೆ ಪೀಪಾಯಿಯ ಮೇಲ್ಭಾಗದಲ್ಲಿ ತೆರವಾದ ಜಾಗದಲ್ಲಿ ಆಮ್ಲಜನಕ ತುಂಬಿಕೊಂಡರೆ ಅಸಿಟೊಬ್ಯಾಕ್ಟರ್ ಎಂಬ ಜೀವಿ ಮದ್ಯಸಾರವನ್ನು ವಿನೆಗರನ್ನಾಗಿ ಮಾರ್ಪಡಿಸುತ್ತದೆ. ಬ್ರೆಟನೊಮೈಸಿಸ್ ಮೇಲೆ ಹೆಣೆಯುವ ಬಿಳಿಯ ತೆಳು ಪೊರೆ ಅದನ್ನು ಸ್ವಲ್ಪ ತಡೆಯಬಲ್ಲದು. ಮುಚ್ಚಳವನ್ನು ಪದೇ ಪದೇ ತೆರೆದು ರುಚಿನೋಡಿದರೆ ಆ ಪೊರೆ ಹರಿದು ಗಾಳಿ ನುಗ್ಗುವುದೆಂಬ ಕಾರಣದಿಂದ, ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಏಲ್‌ಮನೆಯ ವಿನ್ನಿ ಸಿಲುರ್ಜೋ ಪೀಪಾಯಿಯ ಮುಖದ ಹಲಗೆಗೆ ಸಣ್ಣ ರಂಧ್ರವನ್ನು ಕೊರೆದು ತುಕ್ಕುಹಿಡಿಯದ ಉಕ್ಕಿನ ಮೊಳೆಯನ್ನು ಬಡಿದಿಡುವ ಉಪಾಯವನ್ನು ಪ್ರಚಾರಕ್ಕೆ ತಂದರು. ಮೊಳೆ ಕಿತ್ತರೆ ಎಳೆಯಾಗಿ ಏಲು ಚಿಮ್ಮುತ್ತದೆ, ಬಟ್ಟಲಿಗೆ ಹಿಡಿದು ಮತ್ತೆ ಬಡಿದರೆ ಮುಗಿಯಿತು.

ಆ ಮೊಳೆಯ ಮುಂದೆ ಬಟ್ಟಲು ಹಿಡಿದು ನಿಂತ ಕುಶಲಿಯೇ ನಿಜವಾದ ಮೊದಲ ರಸಜ್ಞ. ಒಂದೇ ದಿನ, ಒಂದೇ ಕಡಾಯಿಯಿಂದ ತುಂಬಿದ ಹತ್ತು ಪೀಪಾಯಿಗಳಲ್ಲಿ ಒಂದು ನಿಂಬೆಯ ಹುಳಿಗೆ, ಮತ್ತೊಂದು ವಿನೆಗರಿಗೆ, ಇನ್ನೊಂದು ಕೇವಲ ಮರದ ಒಗರಿಗೆ ತಿರುಗಿರುವುದು ಅಸಾಧಾರಣವಲ್ಲ. ಯಾವುದನ್ನು ಯಾವುದರೊಡನೆ ಎಷ್ಟು ಬೆರೆಸಬೇಕು, ಯಾವುದನ್ನು ಇನ್ನಾರು ತಿಂಗಳು ಬಿಡಬೇಕು, ಯಾವುದನ್ನು ನೋವಿನಿಂದಲಾದರೂ ಚರಂಡಿಗೆ ಚೆಲ್ಲಬೇಕು ಎಂಬುದನ್ನು ಯಾವ ಮಾಪಕವೂ ಹೇಳಲಾರದು. ಪಿಎಚ್ ಮಾಪಕವು ಹುಳಿ ಏಲಿನಲ್ಲಿ ೩ರಿಂದ ೩.೬ರ ಆಸುಪಾಸಿನ ಅಂಕವನ್ನು ತೋರಿಸೀತು, ಆದರೆ ಅದೇ ಅಂಕದಲ್ಲಿ ಹಿತವಾದ ಹುಳಿಯೂ ಗಂಟಲನ್ನು ಕೆರೆಯುವ ಹುಳಿಯೂ ಇರಬಹುದು. ಏಲು ತಯಾರಾದ ಬಳಿಕ ಆರಂಭವಾಗುವ ಕಾರ್ಯ ಆಸ್ವಾದನೆಯೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಈ ಏಲಿನ ವಿಷಯದಲ್ಲಿ ತಯಾರಿಕೆಯ ಮುಖ್ಯ ಉಪಕರಣವೇ ನಾಲಗೆ. ಮೇಜಿನ ಬಳಿ ಕುಳಿತು ಬಟ್ಟಲೆತ್ತುವ ನಾವು ಆ ಕುಶಲಿ ಕೈಗೊಂಡ ನಿರ್ಣಯಗಳನ್ನು ಒಂದೊಂದಾಗಿ ಮತ್ತೆ ಓದುತ್ತೇವೆ.

ಹಾಗೆ ಓದುವುದಕ್ಕೆ ಕಿರಿದಾದ ಬಾಯುಳ್ಳ, ಹೊಟ್ಟೆ ಅಗಲವಾದ, ಕಾಲಿರುವ ಗಾಜಿನ ಬಟ್ಟಲು ಉತ್ತಮ. ಉಷ್ಣತೆ ೧೦ರಿಂದ ೧೩ ಡಿಗ್ರಿಗಳಷ್ಟಿರಲಿ. ಹಿಮದಷ್ಟು ತಣ್ಣಗಿದ್ದರೆ ಮರದ ಪರಿಮಳ ಏಳುವುದಿಲ್ಲ, ಹುಳಿಯೂ ಒಗರೂ ಮಾತ್ರ ಒರಟಾಗಿ ಎದುರಾಗುತ್ತವೆ. ಬಟ್ಟಲಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಸುರಿದು, ಕುಡಿಯುವ ಮೊದಲು ಎರಡು ಮೂರು ಬಾರಿ ಮೂಸಿ ನೋಡಬೇಕು. ಮೊದಲಿಗೆ ಬರುವುದು ಬಹುಶಃ ಹಗುರವಾದ ಹಣ್ಣು ಮತ್ತು ಒಣಹುಲ್ಲಿನ ಗಂಧ. ಬಟ್ಟಲನ್ನು ಮೆಲ್ಲನೆ ತಿರುಗಿಸಿದ ಮೇಲೆ ವೆನಿಲ್ಲಾ, ಕೊಬ್ಬರಿ, ಹೊಗೆ ಮೇಲೇಳುತ್ತವೆ. ಅನಂತರ ಸಣ್ಣ ಗುಟುಕು. ಮೊದಲ ಗುಟುಕಿನಿಂದ ಯಾವ ತೀರ್ಮಾನಕ್ಕೂ ಬರಬಾರದು. ಅದರ ಹುಳಿಗೆ ನಾಲಗೆ ಬೆಚ್ಚಿಬಿದ್ದಿರುತ್ತದೆ. ಎರಡನೆಯದನ್ನು ಬಾಯೊಳಗೆ ಹರಡಿ ನಿಲ್ಲಿಸಿ, ನುಂಗಿ, ಮೂಗಿನಿಂದ ಉಸಿರನ್ನು ಬಿಟ್ಟರೆ ಗಂಟಲಿನ ಹಿಂದಿನಿಂದ ಏಳುವ ಕಂಪು ಹೊರಗಿನಿಂದ ಮೂಸಿದುದಕ್ಕಿಂತ ಬೇರೆಯಾಗಿಯೇ ಇರುತ್ತದೆ. ನಮ್ಮ ಹಿರಿಯರು ಎಣಿಸಿದ ಷಡ್ರಸಗಳಲ್ಲಿ ಲವಣವೊಂದನ್ನುಳಿದು ಮಿಕ್ಕವೆಲ್ಲ ಇಲ್ಲಿ ಸಿಗುತ್ತವೆ: ಬ್ಯಾಕ್ಟೀರಿಯಾಗಳ ಆಮ್ಲ, ಹಾಪಿನ ತಿಕ್ತ, ಓಕಿನ ಕಷಾಯ, ಮದ್ಯಸಾರದ ಕಟು, ಮತ್ತು ವೆನಿಲ್ಲಾ ಹುಟ್ಟಿಸುವ ಮಧುರದ ಭ್ರಾಂತಿ.

ಭ್ರಾಂತಿಯೆಂಬ ಮಾತನ್ನು ವಿಚಾರಮಾಡಿಯೇ ಬಳಸಿದ್ದೇನೆ. ಗೂಸ್ ಐಲೆಂಡಿನಂತಹ ಸ್ಟೌಟಿನಲ್ಲಿ ಸಕ್ಕರೆ ಧಾರಾಳವಾಗಿ ಉಳಿದಿರುವುದರಿಂದ ಬರ್ಬನ್ನಿನ ವೆನಿಲ್ಲಾಕ್ಕೂ ಕಾವಿಗೂ ಒರಗಲು ಆಸರೆಯುಂಟು. ಬ್ರೆಟನೊಮೈಸಿಸ್ ಸಕ್ಕರೆಯನ್ನೆಲ್ಲ ತಿಂದುಹಾಕಿದ ಹೊಲಮನೆಯ ಏಲಿನಲ್ಲಿ ಆ ಆಸರೆಯಿಲ್ಲ; ಮೂಗು ಸಿಹಿಯನ್ನು ನಿರೀಕ್ಷಿಸುತ್ತದೆ, ನಾಲಗೆಗೆ ಹುಳಿ ಸಿಗುತ್ತದೆ, ಮದ್ಯಸಾರದ ಉರಿ ಆ ಹುಳಿಯನ್ನು ಮತ್ತಷ್ಟು ಹರಿತಗೊಳಿಸುತ್ತದೆ. ಆದಕಾರಣ ಆಗತಾನೆ ಬರಿದಾದ ಬರ್ಬನ್ ಪೀಪಾಯಿಯೊಂದರಲ್ಲಿ ಮಾತ್ರ ಮಾಗಿ, ಬೆರಕೆಯಿಲ್ಲದೆ ಬಾಟಲಿಗೆ ಬಂದ ಹುಳಿ ಏಲು ನನ್ನ ಅಭಿಪ್ರಾಯದಲ್ಲಿ ವಿರಳವಾಗಿ ಮಾತ್ರ ಸಫಲವಾಗುತ್ತದೆ. ಕೊನ್ಯಾಕಿನ ಪೀಪಾಯಿ ಹೆಚ್ಚು ಸಂಯಮವುಳ್ಳದ್ದು; ಒಣದ್ರಾಕ್ಷಿಯ ಮೃದುವಾದ ಕಂಪು ಹುಳಿಯೊಡನೆ ಜಗಳವಾಡುವುದಿಲ್ಲ. ಜಿನ್ ಇಟ್ಟಿದ್ದ ಪೀಪಾಯಿಯಿಂದ ಬರುವ ಜುನಿಪರ್ ಕಾಯಿಯ ಮತ್ತು ನಿಂಬೆಯ ಸಿಪ್ಪೆಯ ಸುಗಂಧವಂತೂ ಸೇಸೋನಿನ ಮೆಣಸಿನ ಗುಣಕ್ಕೆ ಹೇಳಿ ಮಾಡಿಸಿದಂತೆ ಒಪ್ಪುತ್ತದೆ. ರಮ್ಮಿನದು ಬೆಲ್ಲದ ಕಡೆಗೆ ವಾಲುವ ಸ್ವಭಾವ. ಬಣ್ಣ ಗಾಢವಾದ ಏಲಿಗೆ ಸಲ್ಲುತ್ತದೆ, ತಿಳಿಯಾದುದಕ್ಕೆ ಅಷ್ಟಾಗಿ ಅಲ್ಲ. ಬರ್ಬನ್ನನ್ನೇ ಬಯಸುವ ಕುಶಲಿ ಎರಡನೆಯ ತುಂಬಿನ ಪೀಪಾಯಿಯನ್ನು ಆರಿಸಿ, ಅದರಲ್ಲಿ ಮಾಗಿದುದನ್ನು ಮರದ ಸೋಂಕಿಲ್ಲದ ಎಳೆಯ ಏಲಿನೊಡನೆ ಬೆರೆಸುವುದು ವಿವೇಕ.

ದೋಷಗಳನ್ನು ಗುರುತಿಸುವುದೂ ಆಸ್ವಾದನೆಯ ಭಾಗ. ಮೂಗಿಗೆ ಉಗುರುಬಣ್ಣದ ತೀಕ್ಷ್ಣ ವಾಸನೆ ಬಡಿದರೆ ಪೀಪಾಯಿಗೆ ಗಾಳಿ ಹೆಚ್ಚಾಗಿ ಹೊಕ್ಕಿದೆ. ಬೆಣ್ಣೆಯ ಜಿಡ್ಡು ಉಳಿದಿದ್ದರೆ ಬ್ರೆಟನೊಮೈಸಿಸ್ ತನ್ನ ಕೆಲಸವನ್ನು ಮುಗಿಸುವ ಮೊದಲೇ ಬಾಟಲಿಗೆ ತುಂಬಿದ್ದಾರೆ. ಎಲ್ಲಕ್ಕಿಂತ ಮೋಸದ ದೋಷ ಇಲಿಯ ವಾಸನೆಯದು. ಅದಕ್ಕೆ ಕಾರಣವಾದ ವಸ್ತುಗಳು ಏಲಿನ ಹುಳಿಯಲ್ಲಿ ಆವಿಯಾಗದೆ ಅಡಗಿಕೊಂಡಿರುವುದರಿಂದ ಎಷ್ಟು ಮೂಸಿದರೂ ತಿಳಿಯುವುದಿಲ್ಲ. ನುಂಗಿದ ಮೇಲೆ ಜೊಲ್ಲು ಆ ಹುಳಿಯನ್ನು ತಗ್ಗಿಸಿದಾಗ, ಹಳಸಿದ ಬಿಸ್ಕತ್ತಿನಂತೆಯೋ ಇಲಿಯ ಗೂಡಿನಂತೆಯೋ ಬಾಯ ಹಿಂದಿನಿಂದ ಅದು ಮೇಲೇರುತ್ತದೆ. ಕೆಲವರ ಬಾಯಿಗೆ ಅದು ಗೋಚರಿಸುವುದೇ ಇಲ್ಲವಾದುದರಿಂದ ಒಂದೇ ಬಾಟಲಿಯನ್ನು ಹಂಚಿಕೊಂಡವರಲ್ಲಿ ಒಬ್ಬನು ಹೊಗಳುತ್ತಿರುವಾಗ ಇನ್ನೊಬ್ಬನು ಬಟ್ಟಲನ್ನು ದೂರ ಸರಿಸುವುದುಂಟು. ಇಬ್ಬರೂ ಸತ್ಯವನ್ನೇ ನುಡಿಯುತ್ತಿರುತ್ತಾರೆ. ಎಳೆಯ ಏಲಿನಲ್ಲಿರುವ ಈ ವಾಸನೆ ಬಾಟಲಿಯಲ್ಲಿ ಕೆಲವು ತಿಂಗಳುಗಳಿದ್ದರೆ ಎಷ್ಟೋ ವೇಳೆ ತಾನಾಗಿ ಮಾಯವಾಗುತ್ತದೆ.

ಬಾಟಲಿಗಳು ಸಾಮಾನ್ಯವಾಗಿ ೭೫೦ ಮಿಲಿಲೀಟರಿನವು, ಬಿರಡೆ ಹಾಕಿ ತಂತಿಯಿಂದ ಬಿಗಿದವು. ಒಳಗೆ ಯೀಸ್ಟ್ ಇನ್ನೂ ಜೀವಂತವಾಗಿರುವುದರಿಂದ ತಂಪಾದ, ಕತ್ತಲಾದ ಸ್ಥಳದಲ್ಲಿ ನೆಟ್ಟಗೆ ನಿಲ್ಲಿಸಿಟ್ಟು, ತಳದ ಗಸಿ ಕದಡದಂತೆ ಸುರಿಯಬೇಕು. ವರ್ಷಗಳು ಕಳೆದಂತೆ ಮದ್ಯದ ಕಾವೂ ಕೊಬ್ಬರಿಯ ಕಂಪೂ ಹಿಂದೆ ಸರಿದು ಒಣಹುಲ್ಲಿನ, ತೊಗಲಿನ ಗಂಧಗಳು ಮುಂದೆ ಬರುತ್ತವೆ. ಬರ್ಬನ್ನಿನ ಸವಿಯನ್ನು ಅರಸುವವರು ಬೇಗ ತೆರೆಯುವುದು ಒಳ್ಳೆಯದು, ಹೊಲಮನೆಯನ್ನು ಅರಸುವವರು ಕಾಯುವುದು ಒಳ್ಳೆಯದು. ಜೊತೆಗೆ ತಿನ್ನಲು ಸಪ್ಪೆ ರೊಟ್ಟಿಯೂ ಮಾಗಿದ ಗಿಣ್ಣಿನ ಒಂದೆರಡು ತುಣುಕೂ ಸಾಕು. ಗಿಣ್ಣಿನ ಕೊಬ್ಬು ಹುಳಿಯ ಮೊನೆಯನ್ನು ತಗ್ಗಿಸಿ ಓಕಿನ ಒಗರನ್ನು ಮೆತ್ತಗೆ ಮಾಡುತ್ತದೆ. ಸಿಹಿತಿಂಡಿಯೊಡನೆ ಮಾತ್ರ ಬೇಡ, ಅದರ ಪಕ್ಕದಲ್ಲಿ ಈ ಏಲು ಬರಿಯ ಹುಳಿನೀರಾಗಿ ತೋರುತ್ತದೆ. ಹಲವು ಬಗೆಗಳನ್ನು ಒಂದೇ ಸಂಜೆ ನೋಡುವುದಾದರೆ ಮರ ಮುಟ್ಟದ ಸೇಸೋನಿನಿಂದ ಮೊದಲುಗೊಂಡು, ದ್ರಾಕ್ಷಾಮದ್ಯದ ಪೀಪಾಯಿಯದನ್ನು ದಾಟಿ, ಬಟ್ಟಿಮದ್ಯದ ಪೀಪಾಯಿಯದನ್ನು ಕಡೆಗಿಡಬೇಕು. ಒಂದು ಬಾಟಲಿ ನಾಲ್ವರಿಗೆ ಸಾಕು.